ಬಾಂಡುಂಗ್ ಪ್ರವಾಸ: ಜ್ವಾಲಾಮುಖಿಗಿಂತ ಮೊದಲು ವಾರದ ದಿನ ನೋಡಿಕೊಳ್ಳಿ

ಪ್ರಶ್ನೆ: ನಾವು ದಾವಣಗೆರೆಯವರು. ತಮ್ಮ ಜಕಾರ್ತದಲ್ಲಿ ಕೆಲಸದಲ್ಲಿದ್ದಾನೆ. ದಸರಾ ರಜೆಗೆ ನಾನು, ಯಜಮಾನರು, 11 ವರ್ಷದ ಮಗ ಮತ್ತು 68 ವರ್ಷದ ಅತ್ತೆ ಅಲ್ಲಿಗೆ ಹೊರಟಿದ್ದೇವೆ. ಶನಿವಾರ ಬೆಳಿಗ್ಗೆ 9ಕ್ಕೆ ಜಕಾರ್ತದಲ್ಲಿ ಇಳಿದು, ನೇರವಾಗಿ ಹೈಸ್ಪೀಡ್ ರೈಲು ಹಿಡಿದು ಬಾಂಡುಂಗ್‌ಗೆ ಹೋಗಬೇಕೆಂದಿದ್ದೇವೆ. ಭಾನುವಾರ ತಂಕುಬಾನ್ ಪೆರಾಹು ಮತ್ತು ಕಾವಾ ಪುತಿಹ್ ಎಂಬ ಎರಡು ಜ್ವಾಲಾಮುಖಿಗಳು, ಸೋಮವಾರ 1955ರ ಸಮ್ಮೇಳನದ ಮ್ಯೂಸಿಯಂ, ಅಂದೇ ಸಂಜೆ ವಾಪಸ್. ಅತ್ತೆಗೆ ಆಸ್ತಮಾ ಇದೆ, ಇನ್‌ಹೇಲರ್ ಬಳಸುತ್ತಾರೆ. ಎತ್ತರದ ಊರು, ಸುತ್ತ ಬೆಂಕಿಯ ಬೆಟ್ಟ ಅಂತ ಕೇಳಿ ಹೆದರಿದ್ದಾರೆ. ಮಾಸ್ಕ್ ಹಾಕಿಕೊಂಡರೆ ಸಾಕೇ? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿ ನಮಗೆ ಊಟವೇ ಸಿಗುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಹೆದರಿಕೆ ಮೂರು ಕಡೆ ಇದೆ: ಎತ್ತರ, ಜ್ವಾಲಾಮುಖಿ, ಊಟ. ಎತ್ತರದ ಹೆದರಿಕೆಯನ್ನು ಪೂರ್ತಿ ಬಿಡಬಹುದು. ಊಟದ್ದು ಅರ್ಧ ನಿಜ. ಜ್ವಾಲಾಮುಖಿಯ ವಿಷಯದಲ್ಲಿ ಹೆದರಬೇಕಾದದ್ದು ಬೆಂಕಿಗಲ್ಲ, ಗಾಳಿಗೆ. ಆದರೆ ನೀವು ಕೇಳದೇ ಇರುವ ಒಂದು ತೊಂದರೆ ಇವೆಲ್ಲಕ್ಕಿಂತ ದೊಡ್ಡದು, ಅದು ನೀವು ಹಾಕಿಕೊಂಡಿರುವ ದಿನಗಳ ಲೆಕ್ಕ. ಶನಿವಾರ ಹೋಗಿ ಸೋಮವಾರ ಬರುವ ಈ ಯೋಜನೆಯಲ್ಲಿ ಮೂರು ದಿನವೂ ಕೆಡುತ್ತವೆ. ಅದನ್ನೇ ಮೊದಲು ಸರಿಮಾಡೋಣ.

ಬಾಂಡುಂಗ್ ಎಂದರೆ ಜಕಾರ್ತದವರಿಗೆ ವಾರಾಂತ್ಯದ ತಂಪು ಊರು. ಶುಕ್ರವಾರ ಸಂಜೆಯಿಂದಲೇ ಚಿಪುಲಾರಾಂಗ್ ಟೋಲ್ ರಸ್ತೆಯಲ್ಲಿ ಕಾರುಗಳ ಸಾಲು ಶುರುವಾಗುತ್ತದೆ. ಶನಿವಾರ, ಭಾನುವಾರ ಊರೊಳಗಿನ ಪಾಸ್ತೂರ್ ಮತ್ತು ಸೆತಿಯಾಬುದಿ ರಸ್ತೆಗಳು, ಉತ್ತರಕ್ಕೆ ಲೆಂಬಾಂಗ್ ಕಡೆಗೆ ಏರುವ ದಾರಿ, ದಕ್ಷಿಣಕ್ಕೆ ಚಿವಿದೇಯ್ ದಾರಿ ಎಲ್ಲವೂ ಕಟ್ಟಿಕೊಳ್ಳುತ್ತವೆ. ತಂಕುಬಾನ್ ಪೆರಾಹು ಊರಿನ ಉತ್ತರಕ್ಕೆ ಸುಮಾರು 30 ಕಿಲೋಮೀಟರ್. ಕಾವಾ ಪುತಿಹ್ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್. ಒಂದು ಮುಗಿಸಿ ಇನ್ನೊಂದಕ್ಕೆ ಹೋಗಬೇಕಾದರೆ ಇಡೀ ನಗರವನ್ನು ಅಡ್ಡ ದಾಟಬೇಕು. ವಾರದ ದಿನದಲ್ಲೇ ಅದು ದಣಿವಿನ ಕೆಲಸ. ಭಾನುವಾರವಂತೂ ಅತ್ತೆಯವರನ್ನು ಎಂಟು ಒಂಬತ್ತು ಗಂಟೆ ಕಾರಿನಲ್ಲಿ ಕೂರಿಸಿದಂತೆ. ಇನ್ನು ಸೋಮವಾರ: ಏಷ್ಯಾ ಆಫ್ರಿಕಾ ಸಮ್ಮೇಳನದ ಮ್ಯೂಸಿಯಂಗೆ ವಾರದ ರಜೆಯೇ ಅಂದು. ಅಷ್ಟು ದೂರ ಹೋಗಿ ಮುಚ್ಚಿದ ಬಾಗಿಲು ನೋಡಿ ಬರುವವರು ಕಡಿಮೆಯಿಲ್ಲ.

ಆದ್ದರಿಂದ ಶನಿವಾರ, ಭಾನುವಾರ ತಮ್ಮನ ಮನೆಯಲ್ಲಿ ಇರಿ. ಸೋಮವಾರ ಬೆಳಿಗ್ಗೆ ಬಾಂಡುಂಗ್‌ಗೆ ಹೊರಡಿ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಬ್ರಾಗಾ ಬೀದಿಯಲ್ಲಿ ಓಡಾಟ. ಮಂಗಳವಾರ ಮ್ಯೂಸಿಯಂ ಮತ್ತು ಹಳೆಯ ಊರು. ಬುಧವಾರ ಒಂದೇ ಒಂದು ಬೆಟ್ಟ. ಗುರುವಾರ ವಾಪಸ್. ದಿನ ಒಂದು ಹೆಚ್ಚಾಯಿತು, ಆದರೆ ಮೂರು ದಿನದಲ್ಲಿ ನೋಡಲಾಗದಷ್ಟನ್ನು ಹೀಗೆ ನೋಡುತ್ತೀರಿ. ಆ ವಾರದಲ್ಲಿ ಇಂಡೊನೇಷ್ಯಾದ ಸರ್ಕಾರಿ ರಜೆ ಏನಾದರೂ ಇದೆಯೇ ಎಂದು ತಮ್ಮನನ್ನು ಕೇಳಿ. ವಾರದ ಮಧ್ಯೆ ಒಂದು ಕೆಂಪು ದಿನ ಬಿದ್ದರೆ ಅದೂ ಶನಿವಾರದಂತೆಯೇ.

ರೈಲಿನ ವಿಷಯ

‘ವೂಶ್’ ಎಂಬ ಹೈಸ್ಪೀಡ್ ರೈಲು 2023ರ ಅಕ್ಟೋಬರ್‌ನಿಂದ ಓಡುತ್ತಿದೆ. ಗಂಟೆಗೆ 350 ಕಿಲೋಮೀಟರ್ ವೇಗ. 142 ಕಿಲೋಮೀಟರ್ ದಾರಿಗೆ ಮುಕ್ಕಾಲು ಗಂಟೆಯ ಆಸುಪಾಸು. ಇದರ ಬಗ್ಗೆ ಎರಡು ತಪ್ಪು ತಿಳಿವಳಿಕೆ ಇವೆ. ಒಂದು, ಇದು ವಿಮಾನ ನಿಲ್ದಾಣದಿಂದ ಹೊರಡುತ್ತದೆ ಎಂಬುದು. ನಿಮ್ಮ ವಿಮಾನ ಇಳಿಯುವ ಸುಕರ್ಣೊ-ಹತ್ತಾ ನಿಲ್ದಾಣ ಜಕಾರ್ತದ ಪಶ್ಚಿಮದಲ್ಲಿದೆ, ರೈಲು ಹೊರಡುವ ಹಾಲಿಮ್ ಪೂರ್ವದಲ್ಲಿ. ನಡುವೆ ಇಡೀ ಜಕಾರ್ತ ಇದೆ, ಕಾರಿನಲ್ಲಿ ಒಂದರಿಂದ ಎರಡು ಗಂಟೆ. 9ಕ್ಕೆ ಇಳಿದವರು ಇಮಿಗ್ರೇಷನ್, ಲಗೇಜು ಮುಗಿಸಿ ಅಲ್ಲಿಗೆ ತಲುಪುವಾಗ ಮಧ್ಯಾಹ್ನವಾಗಿರುತ್ತದೆ. ಇಳಿದ ದಿನವೇ ಹೋಗಲೇಬೇಕಾದವರು ವಿಮಾನ ಇಳಿದ ನಾಲ್ಕು ಗಂಟೆಗಳ ನಂತರದ ರೈಲನ್ನು ಕಾಯ್ದಿರಿಸಬೇಕು.

ಎರಡನೆಯದು, ಅದು ಬಾಂಡುಂಗ್ ನಗರದೊಳಗೆ ಬಿಡುತ್ತದೆ ಎಂಬುದು. ಬಿಡುವುದಿಲ್ಲ. ಊರಿನ ಪಶ್ಚಿಮಕ್ಕೆ ಪಾದಲಾರಾಂಗ್ ನಿಲ್ದಾಣ, ಪೂರ್ವಕ್ಕೆ ಕೊನೆಯ ನಿಲ್ದಾಣ ತೆಗಲ್ಲುವಾರ್. ಕೊನೆಯ ನಿಲ್ದಾಣ ತಾನೇ ಎಂದು ತೆಗಲ್ಲುವಾರ್‌ಗೆ ಟಿಕೆಟ್ ಮಾಡಿಸಿದವರು ಅಲ್ಲಿಂದ ಟ್ಯಾಕ್ಸಿಯಲ್ಲಿ ಊರಿಗೆ ವಾಪಸ್ ಬರಬೇಕಾಗುತ್ತದೆ. ನೀವು ಪಾದಲಾರಾಂಗ್‌ಗೆ ಟಿಕೆಟ್ ಮಾಡಿಸಿ. ಅಲ್ಲಿ ಇಳಿದರೆ ‘ಫೀಡರ್’ ಎಂಬ ಸಣ್ಣ ರೈಲು ಕಾಯುತ್ತಿರುತ್ತದೆ. ಸುಮಾರು 20 ನಿಮಿಷದಲ್ಲಿ ಊರ ಮಧ್ಯದ ಬಾಂಡುಂಗ್ ನಿಲ್ದಾಣಕ್ಕೆ ತಲುಪಿಸುತ್ತದೆ. ಇದರ ದರ ವೂಶ್ ಟಿಕೆಟ್‌ನಲ್ಲೇ ಸೇರಿದೆ.

ಆದರೂ ಒಂದು ಕಡೆಗಾದರೂ ಹಳೆಯ ‘ಪರಾಹ್ಯಾಂಗನ್’ ರೈಲಿನಲ್ಲಿ ಹೋಗಿ ಎಂದೇ ಹೇಳುತ್ತೇನೆ. ಜಕಾರ್ತದ ನಡುಮಧ್ಯದ ಗಾಂಬಿರ್ ನಿಲ್ದಾಣದಿಂದ ಹೊರಟು ಮೂರು ಗಂಟೆಯಷ್ಟರಲ್ಲಿ ನೇರವಾಗಿ ಬಾಂಡುಂಗ್ ನಿಲ್ದಾಣದಲ್ಲೇ ಇಳಿಸುತ್ತದೆ, ರೈಲು ಬದಲಿಸುವ ಗೋಜಿಲ್ಲ. ಪುರ್ವಕಾರ್ತ ದಾಟಿದ ಮೇಲೆ ಹಳಿ ಬೆಟ್ಟ ಹತ್ತುತ್ತದೆ. ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು, ಮುಕ್ಕಾಲುಪಾಲು ಕಿಲೋಮೀಟರಿಗೂ ಉದ್ದದ ಸಾಸಾಕ್ಸಾಆತ್ ಸುರಂಗ, ಜೊತೆಗೆ 1906ರಲ್ಲಿ ಕಟ್ಟಿದ ಚಿಕುಬಾಂಗ್ ಸೇತುವೆ. 300 ಮೀಟರ್ ಉದ್ದ, ಕೆಳಗೆ 80 ಮೀಟರ್ ಕಣಿವೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲು ಇಷ್ಟಪಡುವ ಮಗ ಕಿಟಕಿ ಬಿಟ್ಟು ಏಳುವುದಿಲ್ಲ. ಎರಡೂ ರೈಲಿಗೂ ಟಿಕೆಟ್‌ನಲ್ಲಿ ಹೆಸರು, ಸಂಖ್ಯೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಗೇಟಿನಲ್ಲಿ ತೋರಿಸಬೇಕಾಗುತ್ತದೆ.

ವಿಮಾನದಲ್ಲೇ ಬಾಂಡುಂಗ್‌ಗೆ ಹೋಗುವ ಟಿಕೆಟ್ ಕಂಡರೆ ಯಾವ ನಿಲ್ದಾಣ ಎಂದು ಓದಿ. ಊರೊಳಗಿನ ಹುಸೇನ್ ಸಾಸ್ತ್ರನೆಗಾರ ನಿಲ್ದಾಣದ ಹೆಚ್ಚಿನ ವಿಮಾನಗಳನ್ನು 2023ರ ಅಕ್ಟೋಬರ್‌ನಲ್ಲಿ ಕೆರ್ತಜಾತಿಗೆ ಸಾಗಿಸಲಾಯಿತು. ಅದು ಸುಮಾರು 100 ಕಿಲೋಮೀಟರ್ ದೂರ.

ಎತ್ತರ ಮತ್ತು ಜ್ವಾಲಾಮುಖಿ

ಬಾಂಡುಂಗ್ ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಬೆಂಗಳೂರು 900 ಮೀಟರ್ ದಾಟುತ್ತದೆ. ಅತ್ತೆಯವರು ಬೆಂಗಳೂರಿಗೆ ಹೋದಾಗ ಏದುಸಿರು ಬಿಡದಿದ್ದರೆ ಬಾಂಡುಂಗ್‌ನಲ್ಲೂ ಬಿಡುವುದಿಲ್ಲ. ಹಿಂದೊಮ್ಮೆ ದೊಡ್ಡ ಕೆರೆಯ ತಳವಾಗಿದ್ದ ಬಟ್ಟಲಿನಂಥ ಜಾಗ ಅದು, ಸುತ್ತ ಬೆಟ್ಟ. ಹಾಗಾಗಿ ರಾತ್ರಿ ತಂಪು, ಹಗಲು ಹಿತ. ಆದರೆ ಅದೇ ಬಟ್ಟಲು ವಾಹನದ ಹೊಗೆಯನ್ನೂ ಹಿಡಿದಿಡುತ್ತದೆ. ಆಸ್ತಮಾ ಇರುವವರು ಟ್ರಾಫಿಕ್ಕಿನ ಹೊತ್ತಿನಲ್ಲಿ ರಸ್ತೆ ಬದಿ ನಡೆಯುವುದನ್ನು ತಪ್ಪಿಸುವುದು ಒಳ್ಳೆಯದು.

ಬೆಟ್ಟಗಳ ಮಾತು ಬೇರೆ. ತಂಕುಬಾನ್ ಪೆರಾಹು 2,084 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಕಾವಾ ಪುತಿಹ್ ಕೂಡ 2,000 ಮೀಟರ್‌ಗಿಂತ ಮೇಲಿದೆ. ಆ ಎತ್ತರಕ್ಕೆ ತಲೆಸುತ್ತು ಬರುವುದು ಅಪರೂಪ, ಆದರೆ ಚಳಿ ಇದೆ. ತಣ್ಣನೆಯ ಗಾಳಿಯಲ್ಲಿ ಏರು ಹತ್ತುವುದು ಆಸ್ತಮಾ ಕೆರಳಲು ಒಂದು ಕಾರಣ. ಎರಡನೆಯದು, ಮುಖ್ಯವಾದದ್ದು, ಗಂಧಕದ ಅನಿಲ.

ಜನ ನೋಡುವುದು ಸ್ಫೋಟದ ಎಚ್ಚರಿಕೆಯ ಮಟ್ಟವನ್ನು. ಇಂಡೊನೇಷ್ಯಾದಲ್ಲಿ ಅದು ನಾಲ್ಕು ಹಂತ: ನಾರ್ಮಲ್, ವಾಸ್ಪಾದಾ, ಸಿಯಾಗಾ, ಆವಾಸ್. ‘ಮ್ಯಾಗ್ಮಾ ಇಂಡೊನೇಷ್ಯಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ಯಾವ ಬೆಟ್ಟ ಯಾವ ಹಂತದಲ್ಲಿದೆ ಎಂಬುದು ಸಿಗುತ್ತದೆ. ಹೋಗುವ ಹಿಂದಿನ ರಾತ್ರಿ ನೋಡಿ, ಎರಡನೇ ಹಂತಕ್ಕೆ ಏರಿದ್ದರೆ ಆ ಬೆಟ್ಟ ಬಿಡಿ. ಆದರೆ ‘ನಾರ್ಮಲ್’ ಎಂದರೆ ಏನೂ ಆಗುವುದಿಲ್ಲ ಎಂದಲ್ಲ. 2019ರ ಜುಲೈ 26ರಂದು ತಂಕುಬಾನ್ ಪೆರಾಹು ಬೂದಿ ಚಿಮ್ಮಿದಾಗ ಅದು ಮೊದಲ ಹಂತದಲ್ಲೇ ಇತ್ತು. ನೆಲದಡಿಯ ನೀರು ಕಾದು ಹಬೆಯಾಗಿ ಸಿಡಿಯುವ ಈ ಬಗೆಯ ಸ್ಫೋಟಕ್ಕೆ ಮುನ್ಸೂಚನೆ ಬಹಳ ಕಡಿಮೆ. ಸಂಭವ ಅಪರೂಪ, ಆದರೆ ಬಾಯಿಯ ಅಂಚಿನಲ್ಲಿ ಗಂಟೆಗಟ್ಟಲೆ ಕೂತು ಬುತ್ತಿ ಬಿಚ್ಚದಿರಲು ಅಷ್ಟು ಕಾರಣ ಸಾಕು.

ಇನ್ನು ಅನಿಲ. ಕಾವಾ ಪುತಿಹ್ ಎಂದರೆ ‘ಬಿಳಿ ಕುಳಿ’. ಹಾಲಿಗೆ ನೀಲಿ ಬೆರೆಸಿದಂತೆ ಕಾಣುವ ಆ ಕೆರೆಯ ನೀರು ಬಲವಾದ ಆಮ್ಲ. ನೀವು ನಿಲ್ಲುವುದು ಬಟ್ಟಲಿನ ತಳದಲ್ಲಿ, ಕೆರೆಯ ದಡದಲ್ಲೇ. ಗಂಧಕದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಎರಡೂ ಗಾಳಿಗಿಂತ ಭಾರ. ಗಾಳಿ ಬೀಸದ ದಿನ ಅವು ತಗ್ಗಿನಲ್ಲೇ ಕೂರುತ್ತವೆ. ಕೊಳೆತ ಮೊಟ್ಟೆಯ ವಾಸನೆ ಮೊದಲು ಮೂಗಿಗೆ ಹೊಡೆದು, ಸ್ವಲ್ಪ ಹೊತ್ತಿಗೆ ಮಾಯವಾದಂತೆ ಅನ್ನಿಸುತ್ತದೆ. ಅನಿಲ ಹೋಯಿತೆಂದಲ್ಲ, ಮೂಗು ಸೋತಿತು ಎಂದು ಅರ್ಥ. ಅಲ್ಲಿ 15 ನಿಮಿಷಕ್ಕಿಂತ ಹೆಚ್ಚು ಇರಬೇಡಿ ಎಂಬ ಸೂಚನೆ ಇರುವುದು ಆರೋಗ್ಯವಂತರಿಗೆ. ಆಸ್ತಮಾ ಇರುವವರಿಗೆ ಗಂಧಕದ ಡೈಆಕ್ಸೈಡ್ ಕೆಲವೇ ನಿಮಿಷದಲ್ಲಿ ಶ್ವಾಸನಾಳ ಬಿಗಿಸಬಲ್ಲದು.

ಮಾಸ್ಕ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬಾಗಿಲಲ್ಲಿ ಮಾರುವ ಬಟ್ಟೆಯ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್, ಎನ್-95 ಎಲ್ಲವೂ ಧೂಳು ತಡೆಯಲು ಮಾಡಿದವು. ಅನಿಲ ಅವುಗಳ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ಅನಿಲ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇರೆಯೇ ಇದೆ, ಆದರೆ ಅದನ್ನು ಬಿಗಿಯಾಗಿ ಹಾಕಿಕೊಂಡು ಉಸಿರೆಳೆಯುವುದೇ ಆಸ್ತಮಾ ಇರುವ ಹಿರಿಯರಿಗೆ ಶ್ರಮ.

ಹಾಗಾಗಿ ನಿಮ್ಮ ಮುಂದಿರುವ ದಾರಿಗಳು ಇವು. ಅತ್ತೆಯವರೂ ಜ್ವಾಲಾಮುಖಿ ನೋಡಲೇಬೇಕೆಂದರೆ ತಂಕುಬಾನ್ ಪೆರಾಹುವಿನ ಮುಖ್ಯ ಕುಳಿ ‘ಕಾವಾ ರಾತು’ ಹೆಚ್ಚು ವಾಸಿ. ವಾಹನ ಅಂಚಿನ ಹತ್ತಿರಕ್ಕೇ ಹೋಗುತ್ತದೆ, ನಡೆಯಬೇಕಾಗಿಲ್ಲ. ನೀವು ಮೇಲೆ ನಿಂತು ಕೆಳಗೆ ನೋಡುತ್ತೀರಿ, ಬಟ್ಟಲೊಳಗೆ ಇಳಿಯುವುದಿಲ್ಲ. ಹೀಗಿದ್ದೂ ಗಾಳಿ ನಿಮ್ಮ ಕಡೆಗೆ ಹೊಗೆ ತಂದರೆ ತಕ್ಷಣ ಕಾರಿಗೆ ವಾಪಸ್. ಕಾಡಿನ ದಾರಿಯಲ್ಲಿ ಕೆಳಗಿಳಿದು ನೋಡುವ ‘ಕಾವಾ ದೋಮಾಸ್’ ಅವರಿಗೆ ಬೇಡ, ‘ಹತ್ತಿರವೇ’ ಎಂದು ಗೈಡುಗಳು ಎಷ್ಟು ಕರೆದರೂ ಬೇಡ. ಎರಡನೇ ದಾರಿ, ದಕ್ಷಿಣಕ್ಕೆ ಹೋಗಿ: ನೀವು ಮತ್ತು ಮಗ ಕಾವಾ ಪುತಿಹ್‌ಗೆ ಹೋಗಿ ಬರುವಷ್ಟರಲ್ಲಿ ಅತ್ತೆಯವರೂ ಯಜಮಾನರೂ ಮುಂದಿನ ಸಿತು ಪತೆಂಗಾಂಗ್ ಕೆರೆಯ ದಡದಲ್ಲಿ, ಚಹಾ ತೋಟದ ನಡುವೆ ಕಾಯಬಹುದು. ಯಾವುದಕ್ಕೂ ಹೊರಡುವ ಮೊದಲು ಅವರ ವೈದ್ಯರನ್ನು ಕೇಳಿ. ಇತ್ತೀಚೆಗೆ ರಾತ್ರಿ ಉಬ್ಬಸ ಬಂದಿದ್ದರೆ ಎರಡೂ ಕುಳಿಗಳನ್ನು ಬಿಟ್ಟುಬಿಡಿ. ಇನ್‌ಹೇಲರ್ ಕಾರಿನ ಬ್ಯಾಗಿನಲ್ಲಲ್ಲ, ಅವರ ಕೈಯಲ್ಲೇ ಇರಲಿ. ಕೆಮ್ಮು, ಎದೆ ಬಿಗಿತ, ಕಣ್ಣುರಿ ಯಾವುದೇ ಕಂಡರೂ ಗಾಳಿ ಬರುವ ದಿಕ್ಕಿಗೆ, ಮೇಲಕ್ಕೆ ನಡೆಯಬೇಕು.

ಎರಡರಲ್ಲಿ ಯಾವುದಕ್ಕೆ ಹೋದರೂ ಬೆಳಿಗ್ಗೆ 6, ಆರೂವರೆಗೆ ಹೊರಡಿ. ಅಕ್ಟೋಬರ್‌ನಲ್ಲಿ ಮಳೆ ಶುರುವಾಗುವ ಹೊತ್ತು, ಮಧ್ಯಾಹ್ನದ ಮೇಲೆ ಮಂಜು ಮುಸುಕಿ ಗುಡುಗು ಮಳೆ. ಹತ್ತು ಗಂಟೆಯ ನಂತರ ಹೋದವರಿಗೆ ಎಷ್ಟೋ ಸಲ ಬಿಳಿ ಗೋಡೆಯೊಂದೇ ಕಾಣುವುದು. ಮೊಬೈಲಿನಲ್ಲಿ ಕರೆಸುವ ಟ್ಯಾಕ್ಸಿಯಲ್ಲಿ ಹೋಗಬೇಡಿ. ಹೋಗಲು ಸಿಗುತ್ತದೆ, ಬೆಟ್ಟದ ಮೇಲಿಂದ ವಾಪಸ್ ಬರಲು ಸಿಗುವುದಿಲ್ಲ. ಡ್ರೈವರ್ ಸಮೇತ ಕಾರನ್ನು ಇಡೀ ದಿನಕ್ಕೆ ಗೊತ್ತುಮಾಡಿ, ಪೆಟ್ರೋಲು, ಟೋಲ್, ಪಾರ್ಕಿಂಗ್ ಸೇರಿದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಕಾವಾ ಪುತಿಹ್‌ನಲ್ಲಿ ನಿಮ್ಮ ಕಾರನ್ನು ಮೇಲಿನವರೆಗೆ ಒಯ್ಯಲು ಪಾರ್ಕಿಂಗ್ ದರ ದುಬಾರಿ. ಕೆಳಗೆ ಬಿಟ್ಟು ‘ಒಂತಾಂಗ್-ಆಂತಿಂಗ್’ ಎಂಬ ಅಲ್ಲಿನ ಸಣ್ಣ ವ್ಯಾನಿನಲ್ಲಿ ಹೋಗುವುದು ರೂಢಿ. ವಿದೇಶಿಯರಿಗೆ ಪ್ರವೇಶ ದರ ಸ್ಥಳೀಯರಿಗಿಂತ ಹೆಚ್ಚು, ಅದು ನಿಯಮ, ಮೋಸವಲ್ಲ.

ಊರನ್ನು ಬಿಡಬೇಡಿ

ಹೆಚ್ಚಿನವರು ಬಾಂಡುಂಗ್ ಅನ್ನು ಎರಡು ಕುಳಿಗಳ ನಡುವಿನ ಹೋಟೆಲ್ ಎಂದುಕೊಂಡು ಹೋಗುತ್ತಾರೆ. ನಡೆಯಲು ಹಿತವಾದ ಹಳೆಯ ಊರು ಅಲ್ಲಿದೆ, ಅತ್ತೆಯವರಿಗೂ ಅದೇ ಸುಲಭ.

ಡಚ್ ಗವರ್ನರ್ ಜನರಲ್ ದಾಂಡೆಲ್ಸ್ ಜಾವಾದ ಪಶ್ಚಿಮ ತುದಿಯ ಆನ್ಯೆರ್‌ನಿಂದ ಪೂರ್ವದ ಪನಾರುಕಾನ್‌ವರೆಗೆ ಸುಮಾರು 1,000 ಕಿಲೋಮೀಟರ್ ಅಂಚೆ ರಸ್ತೆ ಹಾಕಿಸಿದ. ಆ ರಸ್ತೆ ಹಾದುಹೋದ ಜಾಗದಲ್ಲಿ ಊರು ಬೆಳೆಯಿತು, 1810ರ ಸೆಪ್ಟೆಂಬರ್ 25 ಅದರ ಹುಟ್ಟುಹಬ್ಬ. ಅದೇ ರಸ್ತೆಯ ತುಂಡು ಇಂದಿನ ಏಷ್ಯಾ ಆಫ್ರಿಕಾ ಬೀದಿ, ಅಲ್ಲಿ ಶೂನ್ಯ ಕಿಲೋಮೀಟರ್ ಕಲ್ಲು ಇದೆ. ಸುತ್ತಲಿನ ಬೆಟ್ಟಗಳಲ್ಲಿ ಡಚ್ಚರು ರೈತರಿಂದ ಒತ್ತಾಯದಿಂದ ಕಾಫಿ ಬೆಳೆಸಿದರು. ಜಾವಾದಲ್ಲಿ ನೆಲೆಯೂರಿದ ಕಾಫಿ ಗಿಡ 1699ರಲ್ಲಿ ಭಾರತದ ಮಲಬಾರ್ ಕರಾವಳಿಯಿಂದ ಹೋದದ್ದು. ಚಿಕ್ಕಮಗಳೂರಿನ ಕಾಫಿ ಕುಡಿದವರು ಅಲ್ಲಿನ ‘ಕೋಪಿ ತುಬ್ರುಕ್’ ಕುಡಿದು ನೋಡಲೇಬೇಕು. ಪುಡಿಯ ಮೇಲೆ ಬಿಸಿನೀರು ಸುರಿದು, ಸೋಸದೆ, ಗಷ್ಟು ತಳಕ್ಕೆ ಕೂರುವವರೆಗೆ ಕಾದು ಕುಡಿಯುವುದು.

ಅದೇ ಬೀದಿಯಲ್ಲಿ ‘ಗೆದುಂಗ್ ಮೆರ್ದೇಕಾ’ ಇದೆ. ಡಚ್ಚರ ಕ್ಲಬ್ ಆಗಿದ್ದ ಈ ಕಟ್ಟಡದಲ್ಲಿ 1955ರ ಏಪ್ರಿಲ್ 18ರಿಂದ 24ರವರೆಗೆ ಏಷ್ಯಾ, ಆಫ್ರಿಕಾದ 29 ದೇಶಗಳು ಸೇರಿದವು. ಕರೆದವರು ಐವರು: ಇಂಡೊನೇಷ್ಯಾ, ಭಾರತ, ಬರ್ಮಾ, ಸಿಲೋನ್, ಪಾಕಿಸ್ತಾನ. ನೆಹರೂ, ಚೀನಾದ ಚೌ ಎನ್‌ಲಾಯ್, ಈಜಿಪ್ಟಿನ ನಾಸರ್, ಇಂಡೊನೇಷ್ಯಾದ ಅಧ್ಯಕ್ಷ ಸುಕರ್ಣೊ ಒಂದೇ ಸಭೆಯಲ್ಲಿ ಕೂತಿದ್ದರು. ಸಮ್ಮೇಳನಕ್ಕೆ ಒಂದು ವಾರ ಮೊದಲು, ಏಪ್ರಿಲ್ 11ರಂದು, ಚೀನಾದ ಪ್ರತಿನಿಧಿಗಳನ್ನು ಹೊತ್ತು ಹಾಂಗ್‌ಕಾಂಗ್‌ನಿಂದ ಹೊರಟ ಏರ್ ಇಂಡಿಯಾದ ‘ಕಾಶ್ಮೀರ್ ಪ್ರಿನ್ಸೆಸ್’ ವಿಮಾನದಲ್ಲಿ ಬಾಂಬ್ ಸಿಡಿದು 16 ಜನ ಸತ್ತರು, ಮೂವರು ಉಳಿದರು. ಮಗನಿಗೆ ಇಷ್ಟು ಮೊದಲೇ ಹೇಳಿ ಕರೆದುಕೊಂಡು ಹೋದರೆ ಆ ಸಭಾಂಗಣದ ಖಾಲಿ ಕುರ್ಚಿಗಳು ಬೇರೆಯೇ ಆಗಿ ಕಾಣುತ್ತವೆ. ಮ್ಯೂಸಿಯಂಗೆ ಪ್ರವೇಶ ಉಚಿತ. ದಿನದ ಸಮಯವನ್ನು ಹಿಂದಿನ ದಿನ ಖಚಿತಪಡಿಸಿಕೊಳ್ಳಿ, ಸರ್ಕಾರಿ ಕಾರ್ಯಕ್ರಮಕ್ಕೆ ಮುಚ್ಚುವುದುಂಟು. ಹತ್ತಿರದಲ್ಲೇ ಹಲವು ನಾಯಕರು ತಂಗಿದ್ದ ಸಾವೊಯ್ ಹೋಮಾನ್ ಹೋಟೆಲ್, 1929ರಲ್ಲಿ ಸುಕರ್ಣೊ ಅವರನ್ನು ಇಟ್ಟಿದ್ದ ಬಾನ್‌ಚೆಉಯ್ ಸೆರೆಮನೆಯ ಉಳಿದ ಕೋಣೆ ಇವೆ. ಅವರು ಎಂಜಿನಿಯರಿಂಗ್ ಓದಿ 1926ರಲ್ಲಿ ಪದವಿ ಪಡೆದದ್ದೂ ಇದೇ ಊರಿನಲ್ಲಿ.

ಇಷ್ಟು ಹಳೆಯ ಊರಿನ ದಕ್ಷಿಣ ಭಾಗದಲ್ಲಿ ಹಳೆಯ ಮನೆಗಳು ಏಕೆ ಕಡಿಮೆ ಎಂದು ಅನ್ನಿಸಬಹುದು. 1946ರ ಮಾರ್ಚ್‌ನಲ್ಲಿ ಬ್ರಿಟಿಷ್ ಪಡೆ ದಕ್ಷಿಣ ಬಾಂಡುಂಗ್ ಖಾಲಿ ಮಾಡಿ ಎಂದಾಗ, ಊರು ಅವರ ಕೈಗೆ ಸಿಗಬಾರದೆಂದು ಜನ ತಮ್ಮ ಮನೆಗಳಿಗೆ ತಾವೇ ಬೆಂಕಿಯಿಟ್ಟು ಬೆಟ್ಟಗಳ ಕಡೆ ಹೊರಟರು. ‘ಬಾಂಡುಂಗ್ ಲಾವುತಾನ್ ಆಪಿ’, ಬೆಂಕಿಯ ಕಡಲು ಎಂದು ಅದನ್ನು ಕರೆಯುತ್ತಾರೆ. ಆ ಬ್ರಿಟಿಷ್ ಪಡೆಯಲ್ಲಿ ಭಾರತೀಯ ಸಿಪಾಯಿಗಳೂ ಇದ್ದರು. ಸ್ಮಾರಕ ತೆಗಲ್ಲೆಗಾ ಉದ್ಯಾನದಲ್ಲಿದೆ.

ಊಟ

ಊಟ ಸಿಗುವುದಿಲ್ಲ ಎಂಬುದು ಸುಳ್ಳು. ಬಾಂಡುಂಗ್ ಸುಂಡಾ ಜನರ ಊರು, ಜಾವಾ ದ್ವೀಪದಲ್ಲಿ ಸೊಪ್ಪು ತರಕಾರಿಯನ್ನು ಹಸಿಯಾಗಿಯೇ ತಿನ್ನುವವರೆಂದು ಹೆಸರಾದವರು. ಬಾಳೆ ಎಲೆಯಲ್ಲಿ ಸುತ್ತಿದ ಅನ್ನ ‘ನಾಸಿ ತಿಂಬೆಲ್’, ಜೊತೆಗೆ ಹಸಿ ತರಕಾರಿ ‘ಲಾಲಾಪನ್’, ಹುದುಗಿಸಿದ ಸೋಯಾಕಾಳಿನ ತೆಂಪೆ ಹುರಿದದ್ದು, ತಾಹು ಎಂಬ ಸೋಯಾ ಪನೀರು, ಹುಣಸೆ ಹುಳಿಯ ‘ಸಾಯೂರ್ ಆಸೆಮ್’. ಕಡಲೆಕಾಯಿ ಚಟ್ನಿಯಲ್ಲಿ ಕಲಸಿದ ಹಸಿ ತರಕಾರಿ ‘ಕರೆದೋಕ್’, ಬೇಯಿಸಿದ್ದು ‘ಲೋಟೆಕ್’.

ತೊಂದರೆ ಕಾಣದ ಕಡೆ ಇದೆ. ಹೆಚ್ಚಿನ ಸಾಂಬಲ್ ಚಟ್ನಿಗಳಲ್ಲಿ, ಕರೆದೋಕ್‌ನಲ್ಲಿ, ಆ ಹುಳಿಸಾರಿನಲ್ಲೂ ‘ತೆರಾಸಿ’ ಹಾಕುತ್ತಾರೆ. ಅದು ಸಿಗಡಿಯನ್ನು ಹುದುಗಿಸಿ ಒಣಗಿಸಿದ ಉಂಡೆ. ಅಡುಗೆಯವರಿಗೆ ಅದು ನಮ್ಮ ಇಂಗಿನಂತೆ, ಮಾಂಸ ಎಂದು ಅನ್ನಿಸುವುದೇ ಇಲ್ಲ. ತರಕಾರಿ ಸೂಪಿಗೆ ಕೋಳಿಯ ಸಾರಿನ ಪುಡಿ, ಹಪ್ಪಳದಲ್ಲಿ ಸಿಗಡಿ, ಬೀದಿ ತಿಂಡಿಗಳಾದ ಬತಾಗೋರ್ ಮತ್ತು ಸಿಯೋಮಾಯ್‌ನಲ್ಲಿ ಮೀನು. ‘ವೆಜಿಟೇರಿಯನ್’ ಎಂದರೆ ಎಷ್ಟೋ ಕಡೆ ದನದ ಮಾಂಸ ಬೇಡ ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ‘ಹಲಾಲ್’ ಫಲಕಕ್ಕೂ ಸಸ್ಯಾಹಾರಕ್ಕೂ ಸಂಬಂಧವಿಲ್ಲ.

ಆದ್ದರಿಂದ ಒಂದೊಂದನ್ನೂ ಹೆಸರಿಸಿ ಹೇಳಬೇಕು: ‘ಸಾಯಾ ತಿದಾಕ್ ಮಾಕಾನ್ ದಾಗಿಂಗ್, ಆಯಾಮ್, ಇಕಾನ್, ಉದಾಂಗ್, ತೆಲೂರ್. ತಾನ್ಪಾ ತೆರಾಸಿ, ತಾನ್ಪಾ ಕಾಲ್ದು.’ ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ, ತೆರಾಸಿ ಬೇಡ, ಸಾರಿನ ಪುಡಿ ಬೇಡ ಎಂದು ಅರ್ಥ. ತಮ್ಮನ ಕೈಯಲ್ಲಿ ಇದನ್ನು ಅವರ ಲಿಪಿಯಲ್ಲಿ ಚೀಟಿಯಲ್ಲಿ ಬರೆಸಿಕೊಳ್ಳಿ. ಲೋಟೆಕ್ ಅಂಗಡಿಯಲ್ಲಿ ಚಟ್ನಿಯನ್ನು ನಿಮ್ಮ ಕಣ್ಣೆದುರೇ ಕಲ್ಲಿನಲ್ಲಿ ಅರೆಯುತ್ತಾರೆ, ಬೇಡ ಎಂದರೆ ತೆರಾಸಿ ಹಾಕದೆ ಅರೆದು ಕೊಡುತ್ತಾರೆ. ಹೋಟೆಲಿನಲ್ಲಿ ಬೆಳಿಗ್ಗೆಯೇ ಅರೆದಿಟ್ಟ ಸಾಂಬಲ್‌ನಿಂದ ತೆರಾಸಿ ತೆಗೆಯಲು ಆಗುವುದಿಲ್ಲ. ಕರಿಯುವ ಎಣ್ಣೆ ಕೋಳಿಗೂ ತೆಂಪೆಗೂ ಒಂದೇ ಇರುತ್ತದೆ. ಅದು ಒಪ್ಪದಿದ್ದರೆ ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲುಗಳನ್ನು ಹುಡುಕಿ. ಅವು ಬಾಂಡುಂಗ್‌ನಲ್ಲಿವೆ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೂ ಸಾಮಾನ್ಯವಾಗಿ ಊಟ ಸಿಗುತ್ತದೆ.

ಸಂಜೆಗೆ ಸುರಾಬಿ ತಿನ್ನಿ. ಅಕ್ಕಿಹಿಟ್ಟು, ತೆಂಗಿನ ಹಾಲಿನ ಹಿಟ್ಟನ್ನು ಮಣ್ಣಿನ ಬಾಣಲೆಯಲ್ಲಿ ಸುಟ್ಟದ್ದು, ಬೆಲ್ಲದ ಪಾಕ ‘ಕಿಂಚಾ’ ಜೊತೆ. ಮೊಟ್ಟೆ ಹಾಕಿದ ಬಗೆಯೂ ಇದೆ, ಕೇಳಿ ತೆಗೆದುಕೊಳ್ಳಿ. ಶುಂಠಿ ಬೆಲ್ಲದ ‘ಬಾಂದ್ರೆಕ್’ ಅತ್ತೆಯವರಿಗೆ ಕಷಾಯದಂತೆಯೇ ಅನ್ನಿಸುತ್ತದೆ. ಮೊಸರು ಮಾತ್ರ ಸಿಹಿ ಬೆರೆಸಿದ್ದೇ ಹೆಚ್ಚು, ‘ಪ್ಲೇನ್’ ಎಂದು ಬರೆದದ್ದನ್ನು ಸೂಪರ್ ಮಾರ್ಕೆಟ್‌ನಲ್ಲಿ ಹುಡುಕಬೇಕು. ಸಣ್ಣ ರೈಸ್ ಕುಕ್ಕರ್ ಒಯ್ಯುವುದಾದರೆ ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಯುರೋಪಿನ ಎರಡು ದುಂಡು ಪಿನ್ನಿನ ಅಡಾಪ್ಟರ್ ಬೇಕು. ಕುಕ್ಕರಿನ ವ್ಯಾಟಿಗೆ ತಡೆಯುವಂಥದ್ದನ್ನೇ ಕೊಳ್ಳಿ, ಮೊಬೈಲ್ ಚಾರ್ಜರಿಗೆಂದು ಮಾರುವ ಅಗ್ಗದ್ದು ಕರಗುತ್ತದೆ.

ಕಾಗದಪತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಇಳಿದಾಗ ಕೊಡುವ ವೀಸಾ 30 ದಿನದ್ದು, ತಲಾ 5,00,000 ರುಪಿಯಾ, ಮಗನಿಗೂ ಪ್ರತ್ಯೇಕ. ಇಮಿಗ್ರೇಷನ್ ಇಲಾಖೆಯ ಜಾಲತಾಣದಲ್ಲಿ ಮೊದಲೇ ಕಟ್ಟಿದರೆ ಅಲ್ಲಿ ಸಾಲು ನಿಲ್ಲುವುದು ಉಳಿಯುತ್ತದೆ. ‘ಆಲ್ ಇಂಡೊನೇಷ್ಯಾ’ ಎಂಬ ಆಗಮನ ಘೋಷಣೆಯನ್ನು ಇಳಿಯುವ ಮೂರು ದಿನದೊಳಗೆ ತುಂಬಬೇಕು, ಅದು ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಅತ್ತೆಯವರ ಔಷಧಿಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಡನೆ ಇಡಿ. ಇನ್‌ಹೇಲರ್ ಎರಡು ಒಯ್ಯಿರಿ, ಒಂದು ಅವರ ಬಳಿ, ಇನ್ನೊಂದು ನಿಮ್ಮ ಬಳಿ.